ಗಿಣ್ಣು ಹಂಚದ ಮನೆ

"ದೊಡ್ಡಗಂಗಮ್ಮನ ಎಮ್ಮೆ ಹಾಲೇ ಕಣಣ್ಣ, ಇನ್ಯಾರ್ದೂ ಅಲ್ಲ. ಆ ಚೆಂಬು ತೊಳ್ದು ಯಾವ ಕಾಲ ಆಯ್ತೋ!" ಎಂದ ಹಾಲು ಹಾಕಲು ಬಂದಿದ್ದ ಆವಲಪ್ಪ, ಒಡೆದ ಹಾಲಿನ ಕ್ಯಾನಿಗೆ ಬಗ್ಗಿ ನೋಡಿ ಟವೆಲ್ಲಿನಿಂದ ಮೂಗು ಮುಚ್ಚಿಕೊಳ್ಳುತ್ತ.

ಬೆಳಿಗ್ಗೆ ಲಾರಿಯಲ್ಲಿ ಕೋಲಾರಕ್ಕೆ ಹೋಗಿದ್ದ ಊರಿನ ಹಾಲು, ಅಲ್ಲಿ ಕಾಯಿಸಿ ನೋಡಿದಾಗ ಒಡೆದು, ಸಂಜೆಗೆ ವಾಪಸ್ಸು ಬಂದಿತ್ತು. ಎಪ್ಪತ್ತೊಂಬತ್ತನೇ ಇಸವಿ. ಸುಗಟೂರಿನ ಮಗ್ಗುಲಿನ ಆ ಪುಟ್ಟ ಊರಿಗೆ ಡೈರಿ ಬಂದದ್ದೇ ಆ ವರ್ಷ. ಅರ್ಧ ಎಕರೆ ರಾಗಿಯವರು, ಒಂದೇ ಎಮ್ಮೆಯವರು, ಎಲ್ಲರೂ ಚೆಂಬು ಹಿಡಿದು ಸಾಲು ನಿಲ್ಲುವುದನ್ನು ಕಲಿತಿದ್ದರು. ಕಲಿಸಿದವನು ಸೆಕ್ರೆಟರಿ ಕದಿರಪ್ಪ. ನೀರು ಬೆರೆಸಬೇಡಿ, ಹಸು ಈದ ಹೊಸತರ ಗಿಣ್ಣುಹಾಲನ್ನಂತೂ ತರಲೇಬೇಡಿ, ಅದು ಬಿದ್ದರೆ ಕ್ಯಾನೆಲ್ಲಾ ಕೆಡುತ್ತೆ ಎಂದು ಮನೆಮನೆಗೂ ಹೋಗಿ ಗಂಟಲು ಹರಿದುಕೊಂಡಿದ್ದ.

ಆ ಕದಿರಪ್ಪ ಈಗ ಕ್ಯಾನಿನ ಮುಚ್ಚಳವನ್ನು ಸುಮ್ಮನೆ ತಿರುಗಿಸುತ್ತ ನಿಂತಿದ್ದ. ಕೆಡಿಸಿದ ಹಾಲು ಯಾರದೆಂದು ಅವನಿಗೆ ಗೊತ್ತಿತ್ತು. ಅವನ ಮನೆಯದೇ. ಕ್ಯಾನು ಕಂಠದವರೆಗೆ ತುಂಬದಿದ್ದರೆ ಇನ್ನು ನಿಮ್ಮೂರಿಗೆ ತಿರುಗಲ್ಲ ಎಂದು ಲಾರಿಯವನು ಹೆದರಿಸಿದ್ದ. ಬೆಳಿಗ್ಗೆ ನೋಡಿದರೆ ಕ್ಯಾನು ನಾಲ್ಕು ಬೆರಳು ಕಮ್ಮಿ. ಮನೆಗೆ ಓಡಿದವನೇ, ಹೆಂಡತಿ ಗಿಣ್ಣು ಮಾಡಲೆಂದು ಬೆಲ್ಲ ಏಲಕ್ಕಿ ಕುಟ್ಟುತ್ತಿದ್ದಂತೆಯೇ, ಪಕ್ಕದಲ್ಲಿದ್ದ ಗಿಣ್ಣುಹಾಲಿನ ತಪ್ಪಲೆಯನ್ನು ಎತ್ತಿಕೊಂಡು ಬಂದಿದ್ದ. ಹಸು ಈದ ಮೂರನೇ ದಿನದ್ದು, ತೆಳ್ಳಗೇ ಇದೆ, ಇಷ್ಟು ಹಾಲಿನಲ್ಲಿ ಯಾರಿಗೆ ಗೊತ್ತಾಗುತ್ತೆ ಅಂದುಕೊಂಡಿದ್ದ.

"ಏನಣ್ಣ ಯೋಚ್ನೆ? ಆಯಮ್ಮಂದು ನಾಳೆಯಿಂದ ಬೇಡ ಅಂದ್ಬಿಡು" ಎಂದ ಆವಲಪ್ಪ.

ದೊಡ್ಡಗಂಗಮ್ಮ ಸಂಜೆಯ ಹಾಲು ಹಿಡಿದು ಸಾಲಿನ ಮುಂದೆಯೇ ಇದ್ದಳು. ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಆ ಎಮ್ಮೆ, ಕೆರೆಯ ಹಿಂದಿನ ಒಂದು ತುಂಡು ಹೊಲ.

"ಬೂದಿ ಹಾಕಿ ಉಜ್ಜಿದ್ದೆ ಕಣಪ್ಪಾ, ಹುಣಸೆಹಣ್ಣೂ ಹಾಕಿದ್ದೆ" ಎಂದಳು. ಆಮೇಲೆ ದನಿ ತಗ್ಗಿತು. "ಆದ್ರೂ ನಂದೇ ಇರ್ಬೌದು. ಎಮ್ಮೆ ಬೇಲೀಲಿ ಏನ್ ಮೇಯ್ತೋ ಏನೋ. ಊರೋರ ಹಾಲೆಲ್ಲಾ ನನ್ನಿಂದ ಹಾಳಾಯ್ತಲ್ಲ. ಇನ್ ತರಲ್ಲ ಬಿಡಪ್ಪಾ, ಮೊದ್ಲಿನಂಗೆ ಹೋಟ್ಲಿನೋನ್ಗೇ ಹಾಕ್ತೀನಿ."

ಕದಿರಪ್ಪನ ಕಿವಿ ಬಿಸಿಯಾಯಿತು. ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. 'ಹೋಗ್ಲಿ ಬಿಡಮ್ಮ, ಇನ್ಮೇಲೆ ಜೋಪಾನ' ಎಂದು ದೊಡ್ಡಮನುಷ್ಯನಂತೆ ಕ್ಷಮಿಸಿಬಿಡುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅದು ಬಂದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

"ಅದಿರ್ಲಿ ಕದಿರಪ್ಪಾ" ಎಂದಳು ಹಿಂದಿನಿಂದ ಪಕ್ಕದ ಮನೆಯ ಅಕ್ಕಯಮ್ಮ. "ನಿಮ್ ಸೀಮೆಹಸು ಈದು ಮೂರ್ ದಿನ ಆಯ್ತಲ್ಲ, ಗಿಣ್ಣೆಲ್ಲೋ? ಬೀದಿಗೆಲ್ಲಾ ಹಂಚೋ ಮನೆ ನಿಮ್ದು. ನಮ್ ಯಜಮಾನ್ರು ಬಾಯಿ ಚಪ್ಪರಿಸ್ಕೊಂಡು ಕೂತವ್ರೆ!"

ಸಾಲೆಲ್ಲಾ ನಕ್ಕಿತು.

"ಗಿಣ್ಣು ಇದ್ರೊಳ್ಗೈತಕ್ಕಾ" ಎಂದ ಕದಿರಪ್ಪ, ಕ್ಯಾನು ತೋರಿಸಿ.

"ಏನಂದೆ?"

"ಬೆಳಿಗ್ಗೆ ಕ್ಯಾನ್ ತುಂಬ್ಲಿಲ್ಲ. ನಾನೇ ತಂದು ಸುರಿದೆ. ಗಂಗಮ್ಮಕ್ಕಂದು ಚೊಕ್ಕ ಹಾಲು."

ಆವಲಪ್ಪ ಮೂಗಿನ ಮೇಲಿನ ಟವೆಲ್ಲು ತೆಗೆದು, "ಥೂ! ನಮ್ಗೆಲ್ಲಾ ಪಾಠ ಹೇಳ್ದೋನು ನೀನಲ್ವೇನಣ್ಣ!" ಎಂದ.

ದೊಡ್ಡಗಂಗಮ್ಮ ಮಾತ್ರ ಕದಿರಪ್ಪನ ಮುಖವನ್ನೇ ನೋಡುತ್ತಿದ್ದಳು.

"ನಂದೇ ಇರ್ಬೌದು ಅಂತ ನಾನಂದಾಗ್ಲೂ ಸುಮ್ನೆ ನಿಂತಿದ್ಯಲ್ಲಪ್ಪಾ?"

"ಹೂಂ ಅಕ್ಕಾ. ನಿಂತಿದ್ದೆ."

ಅವಳ ಹಾಲು ಅಳೆಯಲೆಂದು ಅವನು ಲೀಟರಿನ ಅಳತೆಪಾತ್ರೆಗೆ ಕೈ ಚಾಚಿದ. ಅಕ್ಕಯಮ್ಮ ಮುಂದೆ ಬಂದು ಅದನ್ನು ಆಗಲೇ ಎತ್ತಿಕೊಂಡಿದ್ದಳು. ದೊಡ್ಡಗಂಗಮ್ಮ ಸೆರಗಿನಿಂದ ಚೆಂಬಿನ ಬಾಯನ್ನು ಇನ್ನೊಮ್ಮೆ ಒರೆಸಿ, ಅಕ್ಕಯಮ್ಮನ ಕಡೆ ಬಗ್ಗಿಸಿದಳು.

ಕದಿರಪ್ಪ ಹುಳಿವಾಸನೆಯ ಕ್ಯಾನನ್ನು ಒಬ್ಬನೇ ಎಳೆದುಕೊಂಡು ಬಾವಿಯ ಕಡೆ ಹೊರಟ. ಸಾಲು ಸರಿದು ದಾರಿ ಬಿಟ್ಟಿತು.