ಹೊಂಬಾಳಮ್ಮ ನೋಡಬಾರದ ಬಳ್ಳಿ

"ಎಲೆಯೇನೋ ಸೊಂಪಾಗಿ ಅದೆ ಕಣಕ್ಕ, ಎಮ್ಮೆ ತಂದು ನೆಳ್ಳಿಗೆ ಕಟ್ಬೌದು. ಕಾಯೆಲ್ಲಿ?"

ಪುಟ್ಟಮಾದಯ್ಯ ಬೀಡಿ ಹಚ್ಚಿಕೊಳ್ಳುತ್ತ ಕೇಳಿದ. ತೋಟದ ಕಾವಲಿಗೂ ನೀರಿನ ಪೈಪು ಎಳೆಯುವುದಕ್ಕೂ ಇರುವವನು ಅವನೊಬ್ಬನೇ. ಮನಸ್ಸಿಗೆ ಬಂದದ್ದನ್ನು ಕೇಳಿಯೇ ಬಿಡುವ ಮನುಷ್ಯ. ಹೊಂಬಾಳಮ್ಮ ತನ್ನ ಅವರೆ ಚಪ್ಪರದ ಕೆಳಗಿಂದ ತಲೆ ಈಚೆಗೆ ಹಾಕಲಿಲ್ಲ.

"ಬತ್ತದೆ ಬುಡು. ನಿನ್ ಮನೆ ಸಾರು ಇದಕ್ಕೇ ಕಾಯ್ಕಂಡು ಕೂತದಾ?"

"ಸಾರಿಗೇನು ಬರ ಇಲ್ಲ. ಶಮೀಮಮ್ಮ ನೆನ್ನೆ ಒಂದು ಟವಲ್ ತುಂಬ ಕಾಯಿ ಕೊಡ್ತು. ಅದೇನ್ ಸೊಗಡಕ್ಕ, ಸೋಪಾಕಿ ತೊಳುದ್ರೂ ಕೈ ಬುಡ್ನಿಲ್ಲ."

ಅಷ್ಟು ಹೇಳಿ ಅವನು ಪೈಪಿನ ಹಿಂದೆ ಹೊರಟುಹೋದ. ಹೊಂಬಾಳಮ್ಮ ಕುಡುಗೋಲು ಹಿಡಿದು ಕೂತೇ ಇದ್ದಳು. ಕಳೆ ಆಗಲೇ ಕಿತ್ತು ಮುಗಿದಿತ್ತು. ಇಲ್ಲದ ಕಳೆಗಾಗಿ ಮಣ್ಣು ಕೆದಕಿದಳು.

ಮಂಡ್ಯದ ಆ ಬಡಾವಣೆಯಲ್ಲಿ, ನೀರಿನ ಟ್ಯಾಂಕಿನ ಹಿಂದೆ, ಪಾರ್ಕಿಗೆಂದು ಬಿಟ್ಟ ಜಾಗದಲ್ಲಿ ಬಹಳ ಕಾಲ ಪಾರ್ಥೇನಿಯಂ ಬೆಳೆದು ಹಂದಿ ಮಲಗುತ್ತಿದ್ದವು. ನಗರಸಭೆಯವರು ಅದನ್ನು ಹಸನು ಮಾಡಿಸಿ, ಪಾತಿ ಪಾತಿಯಾಗಿ ಕಲ್ಲು ನೆಡಿಸಿ, ಬೇಕಾದವರು ವರ್ಷದ ಬಾಡಿಗೆ ಕಟ್ಟಿ ತರಕಾರಿ ಬೆಳೆದುಕೊಳ್ಳಿ ಎಂದರು. ಯಾರಿಗೆ ಯಾವ ಪಾತಿ ಎಂದು ಚೀಟಿ ಎತ್ತಿಸಿದರು. ಹೊಂಬಾಳಮ್ಮನಿಗೆ ನಲ್ಲಿಯ ಪಕ್ಕದ್ದೇ ಬಂತು. ಶಮೀಮ್ ಬಾನುಗೆ ಬಂದದ್ದು ಕಾಂಪೌಂಡಿನ ಮೂಲೆಯದು. ಪೈಪು ಅಲ್ಲಿಗೆ ಮುಟ್ಟುವ ಹೊತ್ತಿಗೆ ನೀರು ಸುಸ್ತಾಗಿರುತ್ತಿತ್ತು.

ಹೊಂಬಾಳಮ್ಮ ಹುಟ್ಟಿದ್ದು ಬೇಸಾಯದ ಹಳ್ಳಿ ಹೊಳಲಿನಲ್ಲಿ. "ನಾನು ಹೊಳಲಿನೋಳು" ಎನ್ನುವುದು ಅವಳಿಗೆ ಹೆಸರಿಗಿಂತ ಮುಂಚೆ ಬಾಯಿಗೆ ಬರುವ ಮಾತು. ಮೊದಲ ವರ್ಷ ಇಡೀ ತೋಟಕ್ಕೆ ಅವಳೇ ಮೇಷ್ಟ್ರು. ಬ್ಯಾಂಕಿನ ಯತೀಶ ಕೊತ್ತಂಬರಿ ಬೀಜವನ್ನು ಇಡಿಯಾಗಿ ಚೆಲ್ಲಿ ಮೊಳಕೆಗೆ ಕಾಯುತ್ತಿದ್ದಾಗ, ಚಪ್ಪಲಿ ತೆಗೆದುಕೊಂಡು ಬೀಜವನ್ನು ಉಜ್ಜಿ ಎರಡು ಹೋಳು ಮಾಡಿ ತೋರಿಸಿದವಳು ಅವಳೇ. ಶಮೀಮ್ ಬಾನು ಅಂತೂ ಮಣ್ಣು ಮುಟ್ಟಿದವಳೇ ಅಲ್ಲ. ಗಂಡ ಖಾಸಿಂನದು ಮದ್ದೂರು ರಸ್ತೆಯಲ್ಲಿ ಬೈಕು ರಿಪೇರಿ ಗ್ಯಾರೇಜು. ಬಳ್ಳಿ ಹಬ್ಬಿಸಲು ಎಲ್ಲರೂ ಸರ್ವೆ ಮರದ ಗಳ ತಂದರೆ ಇವಳು ಹಳೇ ಸೈಲೆನ್ಸರ್ ಕೊಳವೆ ನೆಟ್ಟು, ಸವೆದ ಕ್ಲಚ್ ವೈರು ಬಿಗಿದು ಚಪ್ಪರ ಮಾಡಿದ್ದಳು. ಹೊಂಬಾಳಮ್ಮ ಅದನ್ನು ನೋಡಿ, "ಇದ್ರಲ್ಲಿ ಬಳ್ಳಿ ಅಬ್ಬುತ್ತೋ ಸ್ಟಾರ್ಟ್ ಆಯ್ತದೋ" ಎಂದು ನಾಲ್ಕು ಜನರ ಮುಂದೆ ನಕ್ಕಿದ್ದುಂಟು.

ನಕ್ಕವಳೇ ಬೀಜವನ್ನೂ ಕೊಟ್ಟಳು. ಅದೇ ಈಗ ಎದೆಗೆ ಒತ್ತುತ್ತಿದ್ದ ಮುಳ್ಳು.

ಆ ಬೀಜ ಪೇಟೆಯದಲ್ಲ. ಅವಳ ಅವ್ವ ಹೊಳಲಿನ ಹಿತ್ತಿಲ ಬೇಲಿಗೆ ಹಬ್ಬಿಸುತ್ತಿದ್ದ ಬಳ್ಳಿ ಅವರೆ. ಕೆಂಪು ಕಾಳು, ಅದಕ್ಕೊಂದು ಬಿಳಿ ಬಾಯಿ. ಅವ್ವ ಹೋದ ಮೇಲೆ ತಮ್ಮ ಚಿಕ್ಕಬೋರಯ್ಯ ಹಿತ್ತಿಲನ್ನು ಸಮ ಮಾಡಿ ಟ್ರ್ಯಾಕ್ಟರಿಗೆ ಶೆಡ್ಡು ಹಾಕಿದ. ಬೂದಿ ಕಲಸಿಟ್ಟ ಒಂದು ಕುಡಿಕೆಯಲ್ಲಿ ಒಂದು ಹಿಡಿ ಕಾಳು ಉಳಿದಿತ್ತು. ಭೂಮಿ ಮೇಲೆ ಆ ಅವರೆ ಉಳಿದಿದ್ದು ಅಷ್ಟೇ. ಈ ಸಲ ಆಷಾಢದಲ್ಲಿ ಬಿತ್ತುವ ದಿನ ಶಮೀಮ್ ಬರಿಗೈಯಲ್ಲಿ ನಿಂತಿದ್ದಳು, ಸುತ್ತ ಜನ ನೋಡುತ್ತಿದ್ದರು. ಹೊಂಬಾಳಮ್ಮ ದೊಡ್ಡ ಮನಸ್ಸು ಮಾಡಿ, "ತಗಾ ಕಣಮ್ಮ, ನಮ್ಮವ್ವನ ಬೀಜ" ಎಂದು ಅರ್ಧ ಹಿಡಿ ಅವಳ ಅಂಗೈಗೆ ಸುರಿದಳು. ಉಳಿದದ್ದನ್ನು ತಾನು ಒಂದೂ ಬಿಡದೆ ಬಿತ್ತಿದಳು. ಬೀಜಕ್ಕೇನು, ಬೇಸಿಗೆಗೆ ಮೊರ ತುಂಬ ಬರುತ್ತದೆ ಎಂಬ ಧೈರ್ಯ.

ಆಮೇಲೆ ಪ್ರೀತಿ ಹೆಚ್ಚಾಯಿತು. ಅವ್ವನ ಬಳ್ಳಿಯಲ್ಲವೇ? ಬಂಡೂರಿನಲ್ಲಿರುವ ನಾದಿನಿ ಮನೆಯಿಂದ ಕುರಿ ಹಿಕ್ಕೆ ಮೂಟೆ ಮೂಟೆ ತರಿಸಿ ಬುಡಕ್ಕೆ ಸುರಿದಳು. ನಲ್ಲಿ ಪಕ್ಕದಲ್ಲೇ ಇತ್ತಲ್ಲ, ಬೆಳಿಗ್ಗೆ ಸಂಜೆ ನೀರು. ಬಳ್ಳಿ ತಿಂದು ಕೊಬ್ಬಿತು. ಅಂಗೈಯಗಲ ಎಲೆ, ಕೋಳಿ ಕೂಡ ನುಸುಳಲಾಗದ ನೆರಳು. ಧನುರ್ಮಾಸ ಬಂದು ಇಬ್ಬನಿ ಬಿದ್ದರೂ ಒಂದು ಹೂವಿಲ್ಲ. ಅತಿಯಾಗಿ ಉಣಿಸಿದರೆ ಅವರೆ ಎಲೆಗೇ ಹೋಗುತ್ತದೆಂದು ಹೊಳಲಿನ ಮಗಳಿಗೆ ತಿಳಿಯದ್ದಲ್ಲ. ತಿಳಿದೂ ಮಾಡಿದ್ದಳು. ಅದನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಮೂಲೆಯಲ್ಲಿ, ಗೊಬ್ಬರ ಕಾಣದ, ಅರೆಬರೆ ನೀರು ಕುಡಿದ ಶಮೀಮಳ ಬಡಕಲು ಬಳ್ಳಿ ತಲೆತುಂಬ ಹೂ ಮುಡಿದು ನಿಂತಿತ್ತು.

ಹೊಂಬಾಳಮ್ಮ ಆ ಕಡೆ ನೋಡುತ್ತಿರಲಿಲ್ಲ. ಟ್ಯಾಂಕಿನ ಕಡೆಯಿಂದ ಬರುವಾಗ ಸೆರಗನ್ನು ಎಡಗೆನ್ನೆಗೆ ಅಡ್ಡ ಹಿಡಿದು ಬಿರಬಿರನೆ ದಾಟುತ್ತಿದ್ದಳು. ಅದಕ್ಕೆ ಕಾರಣವಿತ್ತು. ಚಿಕ್ಕವಳಿದ್ದಾಗ ಪಕ್ಕದ ಮನೆಯ ಬೇಲಿಯಲ್ಲಿ ತೂಗುತ್ತಿದ್ದ ಸೋರೆಕಾಯಿಯನ್ನು ಆಸೆಪಟ್ಟು ನೋಡಿದ್ದಳಂತೆ. ವಾರದೊಳಗೆ ಅದು ಕೊಳೆತು ಬಿತ್ತು. ಅವ್ವ ಇವಳ ಕೆನ್ನೆಗೆ ಮಸಿ ಬಳಿದು, "ಕಂಡೋರ ಬದುಕ್ನ ದಿಟ್ಟಿಸಿ ನೋಡ್ಬೇಡ ಮಗ, ನಿನ್ ಕಣ್ಣು ಒಳ್ಳೇದಲ್ಲ" ಎಂದಿದ್ದಳು. ಆ ಮಾತು ಚರ್ಮದ ಒಳಗೆ ಹೋಗಿ ಕೂತಿತ್ತು. ಈಗ ಹೊಟ್ಟೆಯೊಳಗೆ ಕೆಂಡ ಕೆದಕುತ್ತಿರುವಾಗ ಆ ಬಳ್ಳಿಯನ್ನು ನೋಡಿದರೆ ಸುಮ್ಮನೆ ಬಿಟ್ಟೀತೇ? ಸತ್ತರೆ ಶಮೀಮಳ ಬಳ್ಳಿಯೊಂದೇ ಸಾಯುವುದಿಲ್ಲ, ಅವ್ವನ ಬೀಜವೇ ಸಾಯುತ್ತದೆ. ಅದಕ್ಕೇ ಈ ಸೆರಗಿನ ಮರೆ.

ಹೀಗಿರುವಾಗ ಗಂಡ ಕೆಂಪರಾಜು ಸ್ಕೂಟರ್ ಬಿಡಲು ಖಾಸಿಂನ ಗ್ಯಾರೇಜಿಗೆ ಹೋದವನು ಅಲ್ಲೇ ಊಟ ಮುಗಿಸಿ ಬಂದ.

"ಅವರೆಕಾಳು ಖೈಮಾ ಹಾಕಿದ್ರು ಕಣೆ. ನಿಮ್ಮವ್ವ ಮಾಡ್ತಿದ್ಲಲ್ಲ, ಅದೇ ಸೊಗಡು. ಕಣ್ಣಲ್ಲಿ ನೀರು ಬಂದ್ಬುಡ್ತು."

"ಖಾರಕ್ಕೆ ಬಂದಿರ್ತದೆ."

"ಬಾನ್ವಾರ ಮಳವಳ್ಳಿಯಿಂದ ಅವರ ಮಗಳು ಶಬ್ರೀನು, ಅಳಿಯ, ಬೀಗ್ರು ಎಲ್ಲಾ ಬತ್ತವ್ರಂತೆ. ಬಳ್ಳೀಲಿ ಇರೋದ್ನೆಲ್ಲ ಕಿತ್ತು ಅಡ್ಗೆಯಂತೆ. ನಮ್ಮನ್ನೂ ಕರುದ್ರು."

ಹೊಂಬಾಳಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಎಲ್ಲಾ ಕಿತ್ತರೆ ಬೀಜಕ್ಕೆ? ಕಾಯಿ ಬಳ್ಳಿಯಲ್ಲೇ ಒಣಗಿದರೆ ತಾನೇ ಬೀಜ. ಇವಳದು ಬರೀ ಎಲೆ, ಅವಳದು ಭಾನುವಾರಕ್ಕೆ ಖೈಮಾ. ಮುಂದಿನ ಆಷಾಢಕ್ಕೆ ಅವ್ವನ ಅವರೆ ಎಲ್ಲಿ?

"ಓಗಿ ಒಂದ್ ಮಾತು ಕೇಳು, ನಾಕು ಕಾಯಿ ಬುಡಮ್ಮ ಅಂತ," ಎಂದ ಕೆಂಪರಾಜು.

"ಕೊಟ್ಟೋಳೂ ನಾನೇ, ಕೈ ಚಾಚೋಳೂ ನಾನೇನಾ? ನಲ್ಲಿ ಪಕ್ಕದ ಪಾತಿ ಇಟ್ಕಂಡು, ಕುರಿಗೊಬ್ಬರ ಆಕಂಡು, ಆ ಕ್ಲಚ್ ವೈರಿನ ಮುಂದೆ ನಿಂತ್ಕಂಡು ಬೇಡ್ಲಾ?"

ಕೆಂಪರಾಜು ತಟ್ಟೆ ಎತ್ತಿಕೊಂಡು ಎದ್ದುಹೋದ. ಊಟ ಮಾಡಿ ಬಂದಿದ್ದರೂ ಅಭ್ಯಾಸಬಲದಿಂದ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ.

ಗುರುವಾರ ಮಧ್ಯಾಹ್ನ ತೋಟದಲ್ಲಿ ಯಾರೂ ಇರಲಿಲ್ಲ. ಹೊಂಬಾಳಮ್ಮ ಸೆರಗು ಹಿಡಿದೇ ದಾಟುತ್ತಿದ್ದಳು. ಗಾಳಿ ಆ ಮೂಲೆಯಿಂದ ಬೀಸಿತು. ಹಸಿ ಅವರೆಯ ಜಿಡ್ಡು ಜಿಡ್ಡು ಸೊಗಡು, ಅವ್ವನ ಮಡಿಲಿನ ವಾಸನೆ. ಸೆರಗು ತಾನಾಗಿ ಜಾರಿತು.

ನೋಡಿದಳು. ಕ್ಲಚ್ ವೈರಿನ ಉದ್ದಕ್ಕೂ ಗೊಂಚಲು ಗೊಂಚಲು, ಮೇಲೆ ನೇರಳೆ ಹೂವು, ಕೆಳಗೆ ಕಾಳು ಕಟ್ಟಿ ಉಬ್ಬಿದ ಕಾಯಿ. ಅವ್ವನ ಓಲೆಯನ್ನು ಇನ್ನೊಬ್ಬಳ ಕಿವಿಯಲ್ಲಿ ಕಂಡ ಹಾಗಾಯಿತು. ನನ್ನದು, ನನ್ನದು, ಇದೆಲ್ಲ ನನ್ನದು ಎಂದು ಒಳಗೆ ಏನೋ ಬಡಿದುಕೊಂಡಿತು. ಇವಳಿಗೇನು ಗೊತ್ತು ಅವರೆ ಅಂದರೆ? ಯಾಕೆ ಇವಳಿಗೆ? ಬಿಸಿಲು ತಲೆ ಸುಡುವವರೆಗೂ ನಿಂತು ನೋಡಿದಳು. ಆಮೇಲೆ ಬೆದರಿ, ಎರಡು ಕೈಯಲ್ಲೂ ಕಣ್ಣು ಮುಚ್ಚಿಕೊಂಡಳು.

ಶುಕ್ರವಾರ ಸಂಜೆ ಪುಟ್ಟಮಾದಯ್ಯ ಸುದ್ದಿ ತಂದ. "ಶಮೀಮಮ್ಮನ ಅವರೆಗೆ ಸೀಡೆ ಬಿದ್ದದೆ ಕಣಕ್ಕ. ಕುಡಿ ತುಂಬ ಸಾಸಿವೆ ಚೆಲ್ಲಿದಂಗೆ ಕರಿ ಹುಳ."

ಸಂತೋಷವಾಯಿತೇ ಎಂದು ಹೊಂಬಾಳಮ್ಮ ತನ್ನನ್ನೇ ಕೇಳಿಕೊಂಡಳು. ಎಳ್ಳಷ್ಟು ಆಗಿತ್ತು. ಅದರಿಂದಲೇ ಭಯವಾಯಿತು.

ಶನಿವಾರ ಬೆಳಕು ಹರಿಯುವಾಗಲೇ ಹಂಡೆ ಒಲೆಯ ಬೂದಿಯನ್ನು ಕೆಂಪರಾಜುವಿನ ಹಳೇ ಪಂಚೆಯಲ್ಲಿ ಗಂಟು ಕಟ್ಟಿಕೊಂಡು ಬಂದಳು. ಇಬ್ಬನಿ ಆರುವ ಮುಂಚೆ ಕೊಡವಿದರೇ ಬೂದಿ ಎಲೆಗೆ ಅಂಟುವುದು, ಸೀಡೆ ಬಿಡುವುದು. ಅವ್ವ ಹಾಗೇ ಮಾಡುತ್ತಿದ್ದಳು. ಕಣ್ಣು ಅರ್ಧ ಮುಚ್ಚಿಕೊಂಡೇ ಕುಡಿ ಕುಡಿಗೆ ಗಂಟನ್ನು ತಟ್ಟುತ್ತಿದ್ದಳು. ಬಾಯಲ್ಲಿ ಏನೋ ಬೈಗುಳ, ಸೀಡೆಗೋ ತನಗೋ.

"ಅಕ್ಕಾ. ಏನ್ ಹಾಕ್ತಾ ಇದ್ದೀರಾ ನನ್ ಬಳ್ಳಿಗೆ?"

ಶಮೀಮ್ ಬಾನು ನಿಂತಿದ್ದಳು. ಸೊಂಟದಲ್ಲಿ ಕಾಯಿ ಕೀಳುವ ದೊಡ್ಡ ಕುಕ್ಕೆ. ಅವಳ ಹಿಂದೆ ಪುಟ್ಟಮಾದಯ್ಯ.

"ಬೂದಿ ಕಣಮ್ಮ, ನಾನು ಆಗ್ಲಿಂದ ನೋಡ್ತಾವ್ನಿ," ಎಂದ ಅವನು. "ಈ ಕಡೆ ತಲೆನೇ ಆಕ್ದೋಳು ಒತ್ತಾರೆ ಬಂದು ಮಣಮಣ ಅಂತ ಬೂದಿ ಚೆಲ್ತಾವ್ಳೆ ಅಂದ್ರೆ ಏನ್ ತಿಳ್ಕೋಬೇಕು ನಾವು?"

"ಮಾಟ ಅಂತ ತಿಳ್ಕೊ. ಬಾ, ನಿನ್ ಪೈಪಿಗೂ ಒಂದು ಚಿಟಿಕೆ ಆಕ್ತೀನಿ."

ಪುಟ್ಟಮಾದಯ್ಯ ಎರಡು ಹೆಜ್ಜೆ ಹಿಂದೆ ಸರಿದ. ಶಮೀಮ್ ಸರಿಯಲಿಲ್ಲ, ನಗಲೂ ಇಲ್ಲ.

"ತಿಂಗಳಾಯ್ತು ನೀವು ನನ್ ಮುಖ ನೋಡಿ. ಈ ಕಡೆ ಬಂದ್ರೆ ಸೆರಗು ಅಡ್ಡ ಹಿಡೀತೀರಾ. ನಾನೇನ್ ತಪ್ಪು ಮಾಡಿದೆ ಅಂತ ಮನೇವ್ರನ್ನ ಕೇಳ್ದೆ, ಫೋನಲ್ಲಿ ಮಗಳನ್ನ ಕೇಳ್ದೆ. ಈಗ ನಿಮ್ಮನ್ನೇ ಕೇಳ್ತಾ ಇದ್ದೀನಿ."

"ನಿನ್ ಮುಖಕ್ಕಲ್ಲ ಕಣೆ, ಬಳ್ಳಿಗೆ ಇಡೀತಿದ್ದೆ." ಹೊಂಬಾಳಮ್ಮ ಗಂಟನ್ನು ಎದೆಗೊತ್ತಿಕೊಂಡಳು. "ನನ್ ಕಣ್ಣು ಒಳ್ಳೇದಲ್ಲ. ಗುರುವಾರ ತಡಕಳಕ್ಕಾಗ್ದೆ ನೋಡ್ಬುಟ್ಟೆ. ನೋಡಿ ಒಟ್ಟೆ ಉರ್ಕಂಡೆ. ಮಾರನೇ ದಿನವೇ ಸೀಡೆ ಬಿತ್ತು. ಅದಕ್ಕೇ ಬೂದಿ."

ಶಮೀಮ್ ಚಪ್ಪರದ ತುದಿಯ ಕಡೆ ನೋಡಿದಳು. ಅಲ್ಲಿ ಒಂದು ಹಳೇ ಚಪ್ಪಲಿ ನೇತಾಡುತ್ತಿತ್ತು.

"ನಜರ್ ಆಗ್ಬಾರ್ದು ಅಂತ ಮನೇವ್ರ ಚಪ್ಪಲಿ ಕಟ್ಟಿದ್ನಲ್ಲಕ್ಕ."

"ಅದು ಒರಗಿನೋರ ಕಣ್ಣಿಗೆ. ಬೀಜ ಕೊಟ್ಟೋಳ ಕಣ್ಣು ಚಪ್ಲಿಗೆಲ್ಲ ಬಗ್ಗಲ್ಲ."

"ಯತೀಶ್ ಸಾರ್ ಬೀನ್ಸ್‌ಗೂ ಸೀಡೆ ಬಂದಿದೆಯಲ್ಲಕ್ಕ. ಅದನ್ನೂ ನೋಡಿದ್ರಾ?"

"ಆ ಬೀನ್ಸ್ ನೋಡಿ ಯಾರು ಒಟ್ಟೆ ಉರ್ಕತಾರೆ ಬುಡು."

ಶಮೀಮಳ ತುಟಿ ಸಡಿಲಾಯಿತು. ಕುಕ್ಕೆಯನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿ, ದನಿ ತಗ್ಗಿಸಿ ಹೇಳಿದಳು: "ಸುಳ್ಳು ಯಾಕೆ ಹೇಳ್ಲಿ, ನಾನೂ ಉರ್ಕೊಂಡಿದ್ದೀನಿ. ಮಳೆಗಾಲದಲ್ಲಿ ನಿಮ್ ಬಳ್ಳಿ ಅಷ್ಟಗಲ ಎಲೆ ಬಿಟ್ಟಾಗ ನಂದು ಕಡ್ಡಿ ತರ ಇತ್ತು. ಒಂದೇ ಬೀಜ, ಅವರಿಗೆ ಮಾತ್ರ ಹೇಗೆ ಅಂತ ದಿನಾ ನಿಂತು ನೋಡ್ತಾ ಇದ್ದೆ."

"ದಿನಾ?"

"ದಿನಾ."

"ಅದಕ್ಕೇ ಒಂದು ಊವಿಲ್ಲ ನನ್ ಬಳ್ಳೀಲಿ." ಹೊಂಬಾಳಮ್ಮನ ಮುಖ ಎಷ್ಟೋ ದಿನದ ಮೇಲೆ ಹಗುರಾಯಿತು. "ನಾನು ಗೊಬ್ಬರ ಎಚ್ಚಾಯ್ತು ಅಂತ ನನ್ನನ್ನೇ ಬೈಕತಿದ್ದೆ. ಕೇಳುಸ್ಕಂಡೇನಯ್ಯ ಪುಟ್ಟಮಾದಯ್ಯ? ಗೊಬ್ಬರ ಅಲ್ವಂತೆ."

"ಗೊಬ್ಬರವೇ ಕಣಕ್ಕ," ಎಂದ ಅವನು ದೂರದಿಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆದರೆ ಶಮೀಮಳ ಸೊಂಟದಲ್ಲಿ ಕುಕ್ಕೆ ಹಾಗೇ ಇತ್ತು. ಅದರ ಖಾಲಿ ಬಾಯಿಯನ್ನು ಹೊಂಬಾಳಮ್ಮ ನೋಡಿದಳು. ಈಗಲ್ಲದಿದ್ದರೆ ಇಲ್ಲ.

"ಎಲ್ಲಾನೂ ಕಿತ್ಬುಡ್ಬೇಡ ಶಮೀಮು. ನನ್ ಅತ್ರ ಒಂದು ಕಾಳೂ ಉಳಿದಿಲ್ಲ. ನಮ್ಮವ್ವಂದು ಅಂತ ಇರೋದು ಇದೊಂದೇ ಬಳ್ಳಿ. ಬೀಜಕ್ಕೆ ಒಂದೀಟು ಬುಡು."

ಹೇಳಿ ನೆಲ ನೋಡುತ್ತ ನಿಂತಳು.

"ಇದನ್ನ ಹೇಳೋಕೆ ತಿಂಗಳು ಬೇಕಾಯ್ತಾ ನಿಮಗೆ? ಯಾವ್ದು ಬಿಡ್ಬೇಕು ಅಂತ ನನಗೇನ್ ಗೊತ್ತಕ್ಕ. ನೀವೇ ನೋಡಿ ಗುರುತು ಮಾಡಿ."

"ನೋಡ್ಲಾ?"

"ಕಣ್ಣು ಬಿಟ್ಟು ನೋಡಿ."

ಹೊಂಬಾಳಮ್ಮ ಉಳಿದ ಬೂದಿಯನ್ನು ಬುಡಕ್ಕೆ ಕೊಡವಿ, ಪಂಚೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಸೀಳಿದಳು. ಬಿಸಿಲು ಬೀಳುವ ಕಡೆಯ, ಎಲ್ಲಕ್ಕಿಂತ ತುಂಬಿದ ಗೊಂಚಲಿಗೆ ಮೊದಲ ಚಿಂದಿ ಕಟ್ಟಿದಳು. ಅದರ ಪಕ್ಕದ್ದಕ್ಕೆ ಇನ್ನೊಂದು. ಮೇಲಿನ ವೈರಿನಲ್ಲಿ ತೂಗುತ್ತಿದ್ದ, ಶಬ್ರೀನಳಿಗೆಂದು ಶಮೀಮ್ ವಾರದಿಂದ ಕಾದಿಟ್ಟಿದ್ದ ದಪ್ಪನೆಯ ಗೊಂಚಲಿಗೆ ಮತ್ತೊಂದು. ಚಿಂದಿ ಮುಗಿಯಿತು. ಮತ್ತೆ ಸೀಳಿದಳು. ಬೀಗರ ಖೈಮಾ ಗೊಂಚಲು ಗೊಂಚಲಾಗಿ ಕಡಿಮೆಯಾಗುತ್ತ ಬಂತು. ಶಮೀಮ್ ಕುಕ್ಕೆಯನ್ನು ನೆಲದ ಮೇಲೆ ಬೋರಲು ಹಾಕಿ ಅದರ ಮೇಲೆ ಕೂತಳು.