ಎರಡೆರಡು ಅಂಕಿಗಳು

ಐದನೆಯ ಸಲವೂ ಕಡತ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದುಕೊಂಡಿತು. ಐದನೆಯ ಸಲವೂ ಕೆಟ್ಟೇ ತೆರೆದುಕೊಂಡಿತು. ಮೊದಲ ನಾಲ್ಕು ಸಲ ಅಕ್ಷರಗಳೆಲ್ಲ ಖಾಲಿ ಚೌಕಗಳಾಗಿದ್ದವು. ಹಳೆಯ ಫಾಂಟನ್ನು ಹುಡುಕಿ ತಂದು ಹಾಕಿದ ಮೇಲೆ ಅಕ್ಷರಗಳು ಸರಿಹೋಗಿ ಅಂಕಿಗಳು ಕೆಟ್ಟವು. ದೂಳಿನ ಪ್ರಮಾಣ ಇರಬೇಕಾದ ಕಾಲಮ್ಮಿನಲ್ಲಿ 0.310.08 ಎಂದಿತ್ತು. ಅದರ ಕೆಳಗೆ 0.270.07. ಒಂದೇ ಸಂಖ್ಯೆಯಲ್ಲಿ ಎರಡು ದಶಮಾಂಶದ ಚುಕ್ಕೆಗಳನ್ನು ಅವಳು ಹದಿನೆಂಟು ವರ್ಷದ ಪಾಠದಲ್ಲಿ ಯಾವ ವಿದ್ಯಾರ್ಥಿಯ ಪುಸ್ತಕದಲ್ಲೂ ಕಂಡಿರಲಿಲ್ಲ.

ಅವಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಕಡತಗಳು ಅಪ್ಪನವು. ಬಿಳಿಕಲ್ಲನ್ನು ಅರೆದು ಪುಡಿ ಮಾಡುವ ಕಾರ್ಖಾನೆಯ ಲ್ಯಾಬಿನಲ್ಲಿ ಅವರು ಇಪ್ಪತ್ತಾರು ವರ್ಷ ಕೆಲಸ ಮಾಡಿದ್ದರು. ನಾಲ್ಕು ಶೆಡ್ಡುಗಳ ಗಾಳಿಯಲ್ಲಿ ಎಷ್ಟು ದೂಳಿದೆಯೆಂದು ತಿಂಗಳಿಗೊಮ್ಮೆ ಅಳೆದು ವರದಿ ಬರೆಯುವುದು ಅವರ ಕೆಲಸವಾಗಿತ್ತು. ಮೂರನೆಯ ಶೆಡ್ಡಿನಲ್ಲಿ, ಎಂದರೆ ಕಲ್ಲು ಅರೆಯುವ ಶೆಡ್ಡಿನಲ್ಲಿ, ಅವಳ ತಮ್ಮ ಹನ್ನೊಂದು ವರ್ಷ ದುಡಿದಿದ್ದ. ಈಗ ಮೂವತ್ತೊಂಬತ್ತರ ವಯಸ್ಸಿಗೆ ಅವನ ಮಂಚದ ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರ್ ನಿಂತಿತ್ತು. ಬೀಡಿ ಸೇದಿ ಶ್ವಾಸಕೋಶ ಹಾಳಾಗಿದೆ ಎಂದು ಕಾರ್ಖಾನೆಯ ಡಾಕ್ಟರು ಬರೆದುಬಿಟ್ಟಿದ್ದರು. ನಾಳೆ ವೈದ್ಯಕೀಯ ಮಂಡಳಿಯ ವಿಚಾರಣೆ. ಶೆಡ್ಡಿನಲ್ಲಿ ದೂಳು ಮಿತಿ ಮೀರಿತ್ತು ಎಂದು ವರದಿ ಹೇಳಿದರೆ ರೋಗ ಕಾರ್ಖಾನೆಯದು, ಚಿಕಿತ್ಸೆಯ ಹೊಣೆಯೂ ಅದರದು, ಇಲ್ಲದಿದ್ದರೆ ಬೀಡಿಯದು. ಲ್ಯಾಬಿನ ಕಂಪ್ಯೂಟರ್ ಗುಜರಿಗೆ ಹೋಯಿತೆಂದು ಕಾರ್ಖಾನೆ ಕೈತೊಳೆದುಕೊಂಡಿತ್ತು. ಉಳಿದಿದ್ದದ್ದು ಅಪ್ಪನ ಹಳೆಯ ಲ್ಯಾಪ್‌ಟಾಪಿನ ಪ್ರತಿಗಳು ಮಾತ್ರ. ಅದು ಸತ್ತುಹೋಗಿದೆ, ಬಿಡು ಎಂದು ಅಪ್ಪ ಎರಡು ಸಲ ಹೇಳಿದ್ದರು. ಅವಳು ಬೀರುವಿನ ಮೇಲಿಂದ ಇಳಿಸಿ ಚಾರ್ಜಿಗೆ ಹಾಕಿದಾಗ ಅದು ನರಳುತ್ತ ಎದ್ದಿತ್ತು.

ಐದು ಗಂಟೆಗೆ ಯೂನಿಯನ್ ಕಾರ್ಯದರ್ಶಿ ಮುದ್ರಿತ ಪ್ರತಿಗಾಗಿ ಬರುವವರಿದ್ದರು. ಮೂರಕ್ಕೆ ತಮ್ಮನ ಫೋನ್ ಬಂತು.

"ಏನ್ ಮೇಡಂ, ಪಾಸಾ ಫೇಲಾ?" ಎರಡು ಮಾತಿಗೊಮ್ಮೆ ಅವನು ನಿಲ್ಲುತ್ತಿದ್ದ. "ಕಂಪ್ಯೂಟರಿಗೆ... ನನ್ ಸಿಲಿಂಡರ್ ಕಳಿಸ್ಲಾ? ಅದಕ್ಕೂ ಉಸಿರು... ಕಟ್ಟಿರ್ಬೇಕು."

"ಸುಮ್ನಿರೋ. ಅಂಕಿ ಎಲ್ಲಾ ಎರಡೆರಡು ಬರ್ತಿದೆ."

"ಹೊಸ ಮೆಷಿನ್ದೇ ಕಿತಾಪತಿ ಅದು. ಅಪ್ಪ ಅಳೆದಿದ್ದು... ಯಾವತ್ತು ತಪ್ಪಿದೆ ಹೇಳು."

ಅವಳು ಒಂದೇ ತಿಂಗಳ ವರದಿಯನ್ನು ಬೇರೆಯಾಗಿ ಉಳಿಸಿ ಅದರ ಮೇಲೆ ಪ್ರಯೋಗಕ್ಕೆ ಕುಳಿತಳು. ಮೆನುವಿನಲ್ಲಿ 'ಎಲ್ಲ ಬದಲಾವಣೆಗಳನ್ನು ಒಪ್ಪಿಕೊಳ್ಳಿ' ಎಂಬುದೊಂದು ಆಯ್ಕೆಯಿತ್ತು. ಒತ್ತಿದಳು. ಅಂಟಿಕೊಂಡಿದ್ದ ಅಂಕಿಗಳು ಕ್ಷಣದಲ್ಲಿ ಬಿಡಿಸಿಕೊಂಡವು. 0.08, 0.07, 0.09. ಪುಟ ತೊಳೆದಿಟ್ಟ ಗಾಜಿನಂತೆ ಕಂಡಿತು. ಹಿಗ್ಗಿನಿಂದ ಒಂದು ಲೋಟ ನೀರು ಕುಡಿದು ಬಂದು, ಪುಟದ ತಲೆಯಲ್ಲಿ ಅಪ್ಪ ಪ್ರತಿ ವರದಿಯಲ್ಲೂ ಬರೆಯುತ್ತಿದ್ದ ಮಿತಿಯ ಸಾಲನ್ನು ನೋಡಿದಳು: 0.10. ಎಲ್ಲವೂ ಮಿತಿಯೊಳಗೇ ಇದ್ದವು. ಈ ಹಾಳೆ ಮಂಡಳಿಯ ಮುಂದೆ ಹೋದರೆ ಕಾರ್ಖಾನೆಗೆ ಬೇರೆ ವಕೀಲರೇ ಬೇಕಾಗಿರಲಿಲ್ಲ.

ಅವಳು ಮೂಲ ಕಡತಕ್ಕೆ ಹಿಂದಿರುಗಿ ಎಣಿಸತೊಡಗಿದಳು. ಮೊದಲನೆಯ ಶೆಡ್ಡಿನ ಅಂಕಿಗಳು ಒಂದೊಂದೇ ಇದ್ದವು. ಎರಡನೆಯ, ನಾಲ್ಕನೆಯ ಶೆಡ್ಡುಗಳದ್ದೂ ಹಾಗೆಯೇ. ಮೂರನೆಯದರಲ್ಲಿ ಮಾತ್ರ ಎರಡೆರಡು. ಅದೂ ಒಂದು ನಿರ್ದಿಷ್ಟ ತಿಂಗಳಿನಿಂದ ಮುಂದಕ್ಕೆ. ತಂತ್ರಾಂಶದ ದೋಷವಾಗಿದ್ದರೆ ಅದು ಎಲ್ಲ ಸಾಲುಗಳನ್ನೂ ಕೆಡಿಸಬೇಕಿತ್ತು. ಯಾವ ಅಂಕಿ ಯಾವ ಶೆಡ್ಡಿನದೆಂದು ಅದಕ್ಕೆ ಹೇಗೆ ಗೊತ್ತು? ಅವಳು ಒಂದು ಜೋಡಿಯ ಮೇಲೆ ಬಾಣದ ಗುರುತನ್ನು ನಿಲ್ಲಿಸಿದಳು. ಸಣ್ಣ ಹಳದಿ ಚೌಕ ತೆರೆದುಕೊಂಡಿತು. 0.31 ತೆಗೆಯಲಾಗಿದೆ, 0.08 ಸೇರಿಸಲಾಗಿದೆ. ಸಂಜೆ ಆರೂ ನಲವತ್ತು. ತಿದ್ದಿದವರು: ಲ್ಯಾಬ್ ಒಂದು. ಲ್ಯಾಬ್ ಒಂದು ಎಂದರೆ ಅಪ್ಪ; ಲ್ಯಾಬಿನಲ್ಲಿ ಎರಡನೆಯವರು ಇರಲೇ ಇಲ್ಲ.

ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮಡಿಸಿದ ಪತ್ರಿಕೆ ಹಿಡಿದು ಕೂತಿದ್ದರು. ಬೆಳಿಗ್ಗೆಯಿಂದ ಅವರು ಆ ಪುಟ ತಿರುವಿರಲಿಲ್ಲ.

"ಅಪ್ಪ, ಸ್ವಲ್ಪ ಬನ್ನಿ ಇಲ್ಲಿ."

ಅವರು ಬಂದು ನೋಡಿದರು. ಕನ್ನಡಕ ಹಾಕಿಕೊಳ್ಳಲಿಲ್ಲ.

"ಮೊದಲನೇದು ನಿಜ," ಎಂದರು.

"ಎರಡನೇದು?"

"ಮ್ಯಾನೇಜರ್ ಹೇಳಿದ್ದು. ನೀರು ಸಿಂಪಡಿಸೋ ಮೆಷಿನ್ ಬರತ್ತೆ, ಮೂರು ತಿಂಗಳು ಹೀಗೆ ಬರಿ, ಇಲ್ಲಾಂದ್ರೆ ಶೆಡ್ಡಿಗೆ ಬೀಗ ಹಾಕ್ತಾರೆ, ಇನ್ನೂರು ಜನ ಮನೆಗೆ ಹೋಗ್ತಾರೆ ಅಂದ. ಮೆಷಿನ್ ಬರಲಿಲ್ಲ."

"ಅದೇ ಶೆಡ್ಡಿಗೆ ಅವನನ್ನ ನೀವೇ ಸೇರಿಸಿದ್ರಲ್ಲಪ್ಪ."

ಅವರು ಮೇಜಿನ ಅಂಚನ್ನು ಹಿಡಿದುಕೊಂಡರು. "ಅಷ್ಟೊತ್ತಿಗೆ ಹಾಗೆ ಬರೆದು ಒಂದೂವರೆ ವರ್ಷ ಆಗಿತ್ತಮ್ಮ. ತಿಂಗಳು ತಿಂಗಳೂ ಅದನ್ನೇ ಬರೀತಾ ಬರೀತಾ, ಶೆಡ್ಡಲ್ಲಿ ನಿಜವಾಗ್ಲೂ ಅಷ್ಟೇ ದೂಳಿರೋದು ಅಂತ ನನಗೂ ಅನ್ಸೋಕೆ ಶುರುವಾಗಿತ್ತು. ಬೇರೆ ಯಾರಾದ್ರೂ ಬರೆದಿದ್ರೆ ಅನುಮಾನ ಪಡ್ತಿದ್ದೆ. ನನ್ ಕೈಯಲ್ಲೇ ಬರೆದಿದ್ದು ನೋಡು."

"ಹಳೇ ಅಂಕಿ ಯಾಕೆ ಉಳಿಸಿದ್ರಿ? ಪೂರ್ತಿ ಅಳಿಸಬಹುದಿತ್ತಲ್ಲ."

"ಲ್ಯಾಬಲ್ಲಿ ಅಂಕಿ ಅಳಿಸಬಾರದು. ಒಂದೇ ಗೆರೆ ಹೊಡೀಬೇಕು, ಕೆಳಗಿರೋದು ಓದೋ ಹಾಗಿರಬೇಕು. ನಿನಗೆ ಹೇಳಿಕೊಟ್ಟಿದ್ದೂ ಅದನ್ನೇ ಅಲ್ವಾ. ತೆರೆ ಮೇಲೆ ಗೆರೆ, ಹಳೇ ಅಂಕಿ ಎರಡೂ ಕಾಣಿಸ್ದೇ ಇರೋ ಹಾಗೆ ಮಾಡಿದ್ದೆ. ಅಳಿಸೋಕೆ ಮಾತ್ರ ಕೈ ಬರಲಿಲ್ಲ."

ಅವಳು ತೆರೆಯನ್ನೇ ನೋಡುತ್ತಿದ್ದಳು. ಹಳೆಯ ಯಂತ್ರ ಬಚ್ಚಿಟ್ಟಿದ್ದ ಅಂಕಿಯನ್ನು ಹೊಸದು ತೋರಿಸಿಬಿಟ್ಟಿತ್ತು; ದಾಟಿ ಬರುವಾಗ ಅಡ್ಡಗೆರೆಯೊಂದು ಮಾತ್ರ ಉದುರಿಹೋಗಿತ್ತು. ತಿದ್ದುಪಡಿಗಳನ್ನು ಹಾಗೇ ಉಳಿಸಿ ಕಡತವನ್ನು ಬೇರೊಂದು ರೂಪಕ್ಕೆ ರಫ್ತು ಮಾಡಿದಳು. ಈಗ ಗೆರೆಗಳು ಬಂದವು, 0.31ರ ನಡುವೆ ತೆಳ್ಳಗೆ, ಪಕ್ಕದಲ್ಲಿ 0.08.

"ಇದನ್ನ ಕೊಟ್ರೆ ನಿಮ್ಮನ್ನ ಸುಮ್ನೆ ಬಿಡಲ್ಲಪ್ಪ. ಕೇಸ್ ಹಾಕ್ತಾರೆ."

"ಹೂಂ."

"ಅವನಿಗೂ ಗೊತ್ತಾಗತ್ತೆ."

ಅಪ್ಪ ಕಿಟಕಿಯತ್ತ ತಿರುಗಿದರು. ಬೀದಿಯಲ್ಲಿ ಯಾರೋ ಲಾರಿಯನ್ನು ಹಿಂದಕ್ಕೆ ತೆಗೆಸುತ್ತಿದ್ದರು. ಬರಲಿ, ಬರಲಿ ಎನ್ನುವ ಕೂಗು ಅದು ನಿಲ್ಲುವವರೆಗೂ ಕೇಳಿಸಿತು.

"ಬರೀ ಪ್ರಿಂಟ್ ತಗೊಂಡು ಹೋದ್ರೆ ನಿಲ್ಲಲ್ಲ," ಎಂದರು ಆಮೇಲೆ. "ನೆನ್ನೆ ಮೊನ್ನೆ ಹೊಸ ಲ್ಯಾಪ್‌ಟಾಪಲ್ಲಿ ಮಗಳೇ ಸೇರಿಸಿದ್ದಾಳೆ ಅಂತಾರೆ. ಪ್ರತಿ ತಿದ್ದುಪಡಿ ಪಕ್ಕ ನನ್ನ ಸಹಿ ಇರಬೇಕು. ಪೆನ್ನು ಕೊಡು."

ಅವಳು ಮುದ್ರಣಕ್ಕೆ ಕೊಟ್ಟಳು. ಪ್ರಿಂಟರ್ ಒಂದೊಂದೇ ಹಾಳೆಯನ್ನು ಹೊರದೂಡತೊಡಗಿತು. ಅವಳು ಎತ್ತಿ ಮುಂದಿಡುತ್ತ ಹೋದಳು, ಅಪ್ಪ ಕನ್ನಡಕ ಹಾಕಿಕೊಂಡು ಸಹಿ ಮಾಡುತ್ತ ಹೋದರು. ಎರಡಕ್ಷರದ ಚುಟುಕು ಸಹಿ, ಕೆಳಗೆ ತಾರೀಖು. ಹದಿನೆಂಟು ಹಾಳೆಗಳು ಹೀಗೇ ಮುಗಿದವು.

ಹತ್ತೊಂಬತ್ತನೆಯದು ಅವಳ ತಮ್ಮ ಕೆಲಸಕ್ಕೆ ಸೇರಿದ ತಿಂಗಳಿನದು. ಅವಳು ಅದನ್ನು ಮುಂದಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡಳು. ಅಪ್ಪ ಬಹಳ ಹೊತ್ತು ಅದನ್ನು ಓದಿದರು. ಓದುವುದಕ್ಕೆ ಅದರಲ್ಲಿ ಅಷ್ಟೇನೂ ಇರಲಿಲ್ಲ. ಆಮೇಲೆ ಎಡಗೈಯಿಂದ ಹಾಳೆಯನ್ನು ಒತ್ತಿ ಹಿಡಿದು, ಮಗುವನ್ನು ಶಾಲೆಗೆ ಸೇರಿಸುವಾಗ ತಂದೆಯ ಹೆಸರಿನ ಜಾಗದಲ್ಲಿ ಬರೆಯುವಂತೆ, ಅಕ್ಷರ ಅಕ್ಷರ ಬಿಡಿಸಿ ತಮ್ಮದೇ ಪೂರ್ತಿ ಹೆಸರು ಬರೆದರು. ಅಷ್ಟರಲ್ಲಿ ಇಪ್ಪತ್ತನೆಯ ಹಾಳೆ ಬಂದು ತಟ್ಟೆಯಲ್ಲಿ ಬಿದ್ದಿತ್ತು, ಅದರ ಮೇಲೆ ಇಪ್ಪತ್ತೊಂದನೆಯದು. ಅವಳು ಎತ್ತಿಕೊಂಡಾಗ ಕಾಗದ ಇನ್ನೂ ಬೆಚ್ಚಗಿತ್ತು.