ಯಾಲಕ್ಕಿ ಇಲ್ಲದ ಶೀಕರಣಿ

ನಮ್ಮ ಅತ್ತೆ ರತ್ನವ್ವ ನನ್ನ ಅಡುಗೆಯನ್ನು ಹೊಗಳಿದ್ದನ್ನು ನಾನು ಮೊದಲ ಸಲ ಕೇಳಿದ್ದು ಈ ಬೇಸಿಗೆಯಲ್ಲಿ. ಕೇಳಿದ ಕೂಡಲೇ ನನ್ನ ಪಿತ್ತ ನೆತ್ತಿಗೇರಿತು.

ಯಾಕೆ ಏರಬಾರದು? ಮದುವೆಯಾಗಿ ಈ ಕೇಶ್ವಾಪುರದ ಮನೆಗೆ ಬಂದಾಗಿನಿಂದ ನಾನು ಮಾಡಿದ್ದರಲ್ಲೆಲ್ಲ ಒಂದಲ್ಲ ಒಂದು ಐಬು ಹುಡುಕಿದವರು ಅವರು. ಪಡಸಾಲೆಯಲ್ಲಿ ಕೂತಲ್ಲಿಂದಲೇ, “ರಾಜೀ, ಸಾಸಿವಿ ಸೀದ್ವು ನೋಡ” ಎನ್ನುವಂಥ ಮೂಗು. ಅಂಥವರಿಗೆ ವರ್ಷದ ಮೊದಲ ಶೀಕರಣಿಯನ್ನು ಬಟ್ಟಲಲ್ಲಿ ಹಾಕಿ ಕೊಟ್ಟರೆ, ಎರಡು ಚಮಚ ತಿಂದು ಹೇಳುತ್ತಾರೆ: “ಛಲೋ ಆಗೇತಿ. ಯಾಲಕ್ಕಿ ಈ ಸಲ ಹದಾ ಬಿದ್ದೈತಿ.”

ಯಾಲಕ್ಕಿಯಂತೆ! ನಮ್ಮ ಯಾಲಕ್ಕಿ ಡಬ್ಬಿ ಖಾಲಿಯಾಗಿತ್ತು. ಮಾವಿನ ರಸ, ಕಾಯಿಸಿ ಆರಿಸಿದ ಹಾಲು, ಸಕ್ಕರೆ. ಕಲಸಿ ಫ್ರಿಜ್ಜಿನಲ್ಲಿಟ್ಟಿದ್ದೆ, ಅಷ್ಟೇ. ಒಂದು ಕಾಳೂ ಬಿದ್ದಿರಲಿಲ್ಲ.

“ಚುಚ್ಚಿ ಮಾತಾಡಬ್ಯಾಡ್ರಿ ಅತ್ತಿ. ಯಾಲಕ್ಕಿ ಹಾಕಿಲ್ಲ ಅಂತ ನೆಟ್ಟಗ ಬೈರಿ, ಬೈಸ್ಕೋತೇನಿ” ಅಂದೆ.

ಅತ್ತೆ ಬಟ್ಟಲು ಕೆಳಗಿಟ್ಟು ಎದ್ದು ಒಳಗಿನ ಖೋಲಿಗೆ ಹೋಗಿಬಿಟ್ಟರು. ಮಾತಿಗೆ ಮಾತು ಕೊಡದೆ ಹೋಗುವ ಹೆಂಗಸೇ ಅಲ್ಲ ಅದು. ನಾನೂ ಹಿಂದೆಯೇ ಹೋದೆ.

ಆ ಖೋಲಿ ಬೇಸಿಗೆಯಲ್ಲಿ ಅವರದೇ ರಾಜ್ಯ. ಹೆಬ್ಬಳ್ಳಿಯ ಅವರ ತವರುಮನೆಯಿಂದ ಆಪೂಸ ಮಾವು ಕಾಯಿ ಇರುವಾಗಲೇ ಬರುತ್ತದೆ. ನೆಲದ ಮೇಲೆ ಹುಲ್ಲು ಹಾಸಿ, ಕಾಯಿ ಹರಡಿ, ಮೇಲೆ ಮತ್ತೆ ಹುಲ್ಲು ಮುಚ್ಚಿಡುತ್ತಾರೆ. ದಿನಾ ಮುಂಜಾನೆ ಒಂದೊಂದನ್ನೇ ತೊಟ್ಟಿನ ಹತ್ತಿರ ಮೂಸಿ, ಇದು ಇವತ್ತಿನದು, ಇದು ನಾಳೆಯದು ಎಂದು ಬೇರೆ ಮಾಡುತ್ತಾರೆ. ಆ ಹುಲ್ಲಿನೊಳಗೆ ಬೇರೆ ಯಾರ ಕೈಯೂ ಹೋಗುವಂತಿಲ್ಲ, ನನ್ನ ಗಂಡ ಶಿವಯೋಗೀಶನದೂ ಕೂಡ.

ಬಾಗಿಲು ತೆರೆದರೆ ಕೊಳೆತ ಹಣ್ಣಿನ ನಾತ ಗಪ್ಪೆಂದು ಮುಖಕ್ಕೆ ಬಡಿಯಿತು. ಅತ್ತೆ ಅದರ ನಡುವೆ ಕೂತು, ಕಣ್ಣು ಮುಚ್ಚಿ, ಒಂದು ಹಣ್ಣನ್ನು ಮೂಗಿಗೆ ಹಿಡಿದಿದ್ದರು. ಅವರ ಮೊಣಕಾಲ ಬಳಿಯೇ ಎರಡು ಹಣ್ಣು ಕೊಳೆತು ನೀರಾಗಿ ಹುಲ್ಲಿಗೆ ಇಳಿದಿದ್ದವು.

“ಅತ್ತಿ, ಈ ಪರಿ ನಾರಾಕತ್ತೈತಿ, ನಿಮಗ...” ಎಂದವಳು ಅಲ್ಲಿಗೇ ನಿಲ್ಲಿಸಿದೆ.

“ನಾರಾಕತ್ತೈತೇನ?” ಎಂದು ಸಣ್ಣ ದನಿಯಲ್ಲಿ ಕೇಳಿದರು. “ಥಂಡ್ಯಾಗ ಜ್ವರಾ ಬಂದಿತ್ತಲ್ಲ ರಾಜಿ, ಅವಾಗಿಂದ ಮೂಗಿಗೆ ಏನೂ ತಿಳಿಯಂಗಿಲ್ಲ. ಊದಿನಕಡ್ಡಿ ಇಲ್ಲ, ವಗ್ಗರಣಿ ಇಲ್ಲ. ಬಾಯಿಗೆ ಹಾಕ್ಕೊಂಡದ್ದೆಲ್ಲಾ ಬರೇ ಸಪ್ಪಗ.”

“ಇಷ್ಟ ದಿನಾ ಹೇಳಬಾರದೇನ್ರಿ?”

“ಹೇಳಿದ್ರ ಈ ಖೋಲಿ ನಿನ್ನ ಕೈಯಾಗ ಕೊಡಬೇಕಾಗತೈತಿ. ಇದೂ ಹ್ವಾದ ಮ್ಯಾಲೆ ಮನ್ಯಾಗ ನಂದಂತ ಏನ ಉಳೀತು? ರವಿವಾರ ಬೀಗರು ಬ್ಯಾರೆ ಬರ್ತಾರ.”

ಬೀಗರೆಂದರೆ ನಾದಿನಿ ರಜನಿಯ ಅತ್ತೆ-ಮನೆಯವರು, ಧಾರವಾಡದವರು. ವರ್ಷಕ್ಕೊಮ್ಮೆ ಶೀಕರಣಿ-ಹೋಳಿಗೆ ಊಟಕ್ಕೆ ಬರುತ್ತಾರೆ. ರಜನಿಯ ಅತ್ತೆ ಮುರಿಗೆವ್ವ ಊರೆಲ್ಲ ನಮ್ಮ ಅತ್ತೆಯ ಮೂಗಿನ ಗುಣಗಾನ ಮಾಡುವವರು. ಅವರೆದುರು ಒಂದು ಹಣ್ಣು ಕೆಟ್ಟು ಬಂದರೂ ಈ ಹೆಂಗಸು ಮತ್ತೆ ಆ ಖೋಲಿಗೆ ಕಾಲಿಡುವುದಿಲ್ಲ ಎಂಬುದು ನನಗೆ ಅಲ್ಲೇ ಗೊತ್ತಾಯಿತು.

“ಯಾರ ಮುಂದನೂ ಬಾಯಿ ಬಿಡಬ್ಯಾಡವಾ” ಎಂದರು. ಬಿಡುವುದಿಲ್ಲ ಎಂದು ಕೊಳೆತದ್ದನ್ನೆಲ್ಲ ಬಾಚಿ ಹೊರಗೆ ಹಾಕಿದೆ. ಡಾಕ್ಟರಿಗೂ ತೋರಿಸಿದೆ. ಬಂದರೆ ಬರಬಹುದು, ಬರದೆಯೂ ಇರಬಹುದು ಎಂದು ಅವರು ಕೈಯಾಡಿಸಿದರು. ಅಷ್ಟು ಹೇಳಲು ಡಾಕ್ಟರೇ ಬೇಕೆ?

ಅತ್ತೆಯ ಊಟ ಆಗಲೇ ಅರ್ಧಕ್ಕಿಳಿದಿತ್ತು. ಅಲ್ಲಿಯವರೆಗೆ ನಾನದನ್ನು ಬಿಸಿಲಿನ ಲೆಕ್ಕಕ್ಕೆ ಹಾಕಿದ್ದೆ. ಸಂಜೆ ಹಟ ಹಿಡಿದು ಮುಜಮ್ಮಿಲನ ಹಣ್ಣಿನ ಅಂಗಡಿಗೆ ಕರೆದುಕೊಂಡು ಹೋದೆ. ಅವನಿಗೆ ಸುಮ್ಮನಿರಲಾಗಲಿಲ್ಲ. “ಏನ್ರಿ ಅವ್ವಾರ, ಇವತ್ತ ಮೂಸಿ ನೋಡಂಗಿಲ್ಲೇನ್ರಿ?” ಎಂದ.

ಅತ್ತೆಯ ಮುಖ ಸಣ್ಣಗಾಯಿತು. ನಾನು ನಡುವೆ ಬಾಯಿ ಹಾಕಿದೆ. “ಯಾಕಪಾ, ಮೂಸಿದ್ರಷ್ಟ ಕೊಡಾಂವೇನ ನೀ? ಕಲ್ಲಂಗಡಿ ಯಾರರ ಮೂಸತಾರೇನ?”

ಅತ್ತೆ ಆ ಮಾತನ್ನೇ ಹಿಡಿದುಕೊಂಡರು. ಕಲ್ಲಂಗಡಿ ಹೊರಳಿಸಿ, ನೆಲಕ್ಕೆ ತಾಗಿದ ಕಡೆ ಹಳದಿ ಮಚ್ಚೆ ಇದೆಯೇ ನೋಡಿದರು. ಅಂಗೈಯಿಂದ ಬಡಿದು ಕಿವಿಗೊಟ್ಟರು. ಚಿಕ್ಕುಗಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಸುತ್ತಲೂ ಒಂದೇ ಸಮ ಮೆತ್ತಗಿದ್ದವನ್ನು ಮಾತ್ರ ಎತ್ತಿಕೊಂಡರು. ಮೂಗು ಹೋದರೇನು, ಕೈ ಕಿವಿ ಎಲ್ಲ ನೆಟ್ಟಗೇ ಇವೆಯಲ್ಲ ಎಂದು ನನಗೆ ಜೀವ ಬಂದಂತಾಯಿತು.

ಮನೆಗೆ ಬಂದು ಕಲ್ಲಂಗಡಿ ಹೆಚ್ಚಿ, ನಿಂಬೆರಸ, ಸೈಂಧವ ಲವಣ ಉದುರಿಸಿ ಫ್ರಿಜ್ಜಿಗಿಟ್ಟೆ. ಚಿಕ್ಕು ಹಿಸುಕಿ ತಣ್ಣನೆಯ ಕೆನೆಹಾಲಿನಲ್ಲಿ ಕಲಸಿದೆ. ಅತ್ತೆ ಕಲ್ಲಂಗಡಿಯ ಒಂದು ಹೋಳು ಬಾಯಲ್ಲಿಟ್ಟುಕೊಂಡು ಮೆಲ್ಲಗೆ ಚಪ್ಪರಿಸಿದರು.

“ತಂಪ ತಿಳೀತೈತಿ ರಾಜಿ” ಎಂದರು. “ಉಪ್ಪು, ಹುಳಿ, ಎಲ್ಲಾ ತಿಳೀತೈತಿ.” ಬಟ್ಟಲು ಖಾಲಿ ಮಾಡಿ ಇನ್ನೊಂದು ಸಲ ನೀಡಿಸಿಕೊಂಡರು.

ರವಿವಾರ ಮುಂಜಾನೆ ಒಳಗಿನ ಖೋಲಿಗೆ ನನ್ನನ್ನೂ ಕರೆದರು. ಹುಲ್ಲಿನೊಳಗೆ ಹೋಗುವ ಕೈ ಮಾತ್ರ ಅವರದೇ. ಹಣ್ಣು ತೆಗೆದು, ತೂಕ ನೋಡಿ, ತೊಟ್ಟಿನ ಬದಿ ಒತ್ತಿ, ನನ್ನ ಕೈಗೆ ಕೊಡುವರು. ನಾನು ಮೂಸಿ “ಹಣ್ಣಾಗೇತ್ರಿ” ಎನ್ನಬೇಕು. ಹೀಗೆ ನಡೆದಿತ್ತು. ಒಂದು ಹಣ್ಣಿಗೆ ತಡೆದರು.

“ಬರೇ ಹಣ್ಣಾಗೇತಿ ಅನಬ್ಯಾಡ. ಹೆಂಗ ವಾಸನಿ ಬರಾಕತ್ತೈತಿ, ಅದನ್ನ ಹೇಳ.”

ಮಾವಿನ ಹಣ್ಣಿನ ವಾಸನೆ ಮಾವಿನ ಹಣ್ಣಿನಂತೆಯೇ ಇರುತ್ತದೆ. ಇನ್ನೊಮ್ಮೆ ಮೂಸಿದೆ.

“ನಾ ಲಗ್ನಾ ಆಗಿ ಬಂದ ಬ್ಯಾಸಗ್ಯಾಗ ನೀವು ಈ ಬಾಗಲಾ ತಗದು, ‘ಬಾ, ನಿನ್ನ ಕೈಲೆ ಒಂದ ಆರಿಸ್ಕೊಂಡ ತಿನ್ನು’ ಅಂದಿದ್ರಲ್ರಿ ಅತ್ತಿ. ಆವತ್ತ ಈ ಖೋಲಿ ತುಂಬ ಬಂದಿತ್ತಲ್ರಿ, ಅದಽ ವಾಸನಿ ಐತ್ರಿ.”

ಅತ್ತೆ ಹಣ್ಣನ್ನು ನನ್ನ ಕೈಯಿಂದ ತೆಗೆದುಕೊಂಡು ಮೂಗಿಗೆ ಹಿಡಿದರು. ಕಣ್ಣು ತುಂಬಿ ಬಂದಿತ್ತು.

“ಆವತ್ತ ನೀ ಕಾಯಿ ಆರಿಸಿದ್ದಿ, ಮಳ್ಳಿ” ಎಂದರು. “ಅದಕ್ಕಽ ಮತ್ತ ಕೈ ಹಾಕಗೊಟ್ಟಿಲ್ಲ.” ಹಣ್ಣನ್ನು ಬುಟ್ಟಿಗೆ ಹಾಕಿ, ಹುಲ್ಲು ಸರಿಸಿ, ನನ್ನ ಕೈ ಹಿಡಿದು ಒಳಗಿಟ್ಟರು. “ಈಗ ಹುಡುಕ. ಬೆಚ್ಚಗ ಇರತೈತಿ ನೋಡ, ಹಣ್ಣಾದದ್ದು.”

ಮಧ್ಯಾಹ್ನ ಪಂಕ್ತಿಯಲ್ಲಿ ಮುರಿಗೆವ್ವ ಎರಡನೆಯ ಬಟ್ಟಲು ಮುಗಿಸಿ ಎಂದಿನ ಮಾತು ತೆಗೆದರು: “ರತ್ನವ್ವಾರ, ನಿಮ್ಮ ಮೂಗಿಗೆ ಯಾರೂ ಸಾಟಿ ಇಲ್ಲ ಬಿಡ್ರಿ.”

ನಾನು ಮಾತು ತಿರುಗಿಸಲು ಹೋಳಿಗೆಯ ತಾಟು ಎತ್ತಿಕೊಂಡೆ. ಅಷ್ಟರಲ್ಲಿ ಅತ್ತೆ ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟರು.

“ನನ್ನ ಮೂಗ ಹೋಗೇತ್ರಿ ಬೀಗ್ತೇರ. ಥಂಡ್ಯಾಗಽ ಹ್ವಾತು. ಇದು ನಮ್ಮ ರಾಜಿ ಮೂಗ್ರಿ. ನನ್ನ ಮೂಗಿಗಿಂತ ಛಲೋ ಐತ್ರಿ.”

ರಜನಿ ಕೈಯಲ್ಲಿದ್ದ ತುತ್ತು ಬಿಟ್ಟು ಅವ್ವನ ಮುಖ ನೋಡಿದಳು. ನನ್ನ ಗಂಡ ನನ್ನ ಮುಖ ನೋಡಿದ. ನಾನು ಶೀಕರಣಿ ತರುತ್ತೇನೆ ಎಂದು ಅಡುಗೆಮನೆಗೆ ಓಡಿದೆ. ಫ್ರಿಜ್ ತೆರೆದು, ಪಾತೇಲಿಯ ಎದುರು ನಿಂತು, ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟೆ.

“ರಾಜೀ!” ಎಂದು ಪಡಸಾಲೆಯಿಂದ ದನಿ ಬಂತು. “ಎಷ್ಟೊತ್ತ ಫ್ರಿಜ್ಜಿನ ಬಾಗಲಾ ತಗದಿಡ್ತಿ? ತಂಪೆಲ್ಲಾ ಹೋಗತೈತಿ!”